ಆ ಕಡೆ ಹತ್ತದವರು

ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವನು ನಾನು, ಎಣಿಕೆ ತಪ್ಪೋನಲ್ಲ. ಜಯನಗರದ ನಮ್ಮ ಸರ್ಕಲ್‌ಗೆ ಪಾದಚಾರಿ ಸಿಗ್ನಲ್ ಬೇಕು ಅಂತ ಅರ್ಜಿ ಕೊಡೋಕೆ ದಾಟೋರನ್ನ ಎಣಿಸ್ತಿದ್ವಿ. ರಸ್ತೆಗೆ ಇಳಿದವರನ್ನ ನಾನು, ಎದುರು ಫುಟ್‌ಪಾತ್ ಹತ್ತಿದವರನ್ನ ಪಕ್ಕದ ಮನೆ ಮೀನಾಕ್ಷಮ್ಮ.

ಮಟಮಟ ಮಧ್ಯಾಹ್ನ. ನನ್ನದು ಇನ್ನೂರ ಹನ್ನೆರಡು, ಅವರದು ಇನ್ನೂರ ಹನ್ನೊಂದು. ಮರುದಿನವೂ ಒಂದು ಕಮ್ಮಿ. ನಾವಿಬ್ರೂ ಜಾಗ ಅದಲುಬದಲು ಮಾಡ್ಕೊಂಡ್ರೂ ಎದುರುಗಡೆ ಒಂದು ಕಮ್ಮಿ. ದಿನಾ ಒಂದು ಸಲ ರಸ್ತೆ ನಡುವಿಂದ ಸೈಕಲ್ ಬೆಲ್ ಕೇಳಿಸೋದು. ಸೈಕಲ್ ಇರ್ತಿರಲಿಲ್ಲ.

"ಹಿಂಗೇ ಕೊಟ್ರೆ ನಗ್ತಾರೆ ಮೇಷ್ಟ್ರೇ, ಎರಡೂ ಕಡೆ ಒಂದೇ ಬರೀರಿ" ಅಂದ್ರು ಮೀನಾಕ್ಷಮ್ಮ. ಬರೆದೆ.

ಸಿಗ್ನಲ್ ಬಂತು. ಮೊನ್ನೆ ಮನಸ್ಸು ತಡೀದೆ ಮತ್ತೆ ನಿಂತ್ವಿ. ದಾಟೋರಿಗೆ ಹಸಿರು ದೀಪ ಹತ್ತಿತು, ಒಂದೇ ಒಂದು ಗಾಡಿ ಅಲ್ಲಾಡಲಿಲ್ಲ. ಬೆಲ್ ಎರಡು ಸಲ ಕೇಳಿಸ್ತು.

ಇಳಿದವರು ಒಂಬತ್ತು ಜನ. ಹತ್ತಿದವರು ಏಳು.