ಹಾಲಿನ ಯಂತ್ರಕ್ಕೆ ಅಂಬಿಕಳ ದನಿ

"ಮೆಲ್ಲಗೆ ಉಯ್ರಿ, ಚೆಲ್ಲೋಗ್ತದೆ."

ಬೇತಮಂಗಲ ದಾರಿಯ ಹಳ್ಳಿ ಡೇರಿಯಲ್ಲಿ ಹಾಲು ಅಳೆಯುವ ಹೊಸ ಯಂತ್ರ ಹೀಗೆಂದಾಗ ಅಂಬಿಕಳ ಮೈಯೆಲ್ಲ ಮುಳ್ಳೆದ್ದಿತು. ಅದು ಅವಳದೇ ದನಿ! ಹಾಲು ತಂದ ಗಂಡಸರು ಕಿಸಕ್ಕನೆ ನಕ್ಕರು. ವೆಂಕಿ ಬೇಕೆಂದೇ ಕ್ಯಾನು ಓರೆ ಮಾಡಿದ. ಯಂತ್ರ ಮತ್ತೆ ಅಷ್ಟೇ ನಯವಾಗಿ ಅದೇ ಮಾತು ಅಂದಿತು.

"ಇನ್ನೊಂದ್ಕಿತ ಮಾತಾಡಮ್ಮಿ!" ಎಂದು ವೆಂಕಿ ಯಂತ್ರದ ಬೆನ್ನು ಸವರಿದ.

ಥೂ! ಅಂಬಿಕ ಮುಖ ತಿರುಗಿಸಿದಳು. ಇದಕ್ಕಿಂತ ಹಳಸಿದ ಹಾಲಿನ ನಾತವೇ ವಾಸಿ.

ಯಂತ್ರದ ಪರದೆ, ದನಿ, ದೀಪ ಎಲ್ಲ ಬಂಗಾರಪೇಟೆಯ ಮುನೀಂದ್ರನ ಡಿಸೈನ್. ಹಾಲು ಕರೆದ ಒದ್ದೆ ಕೈಗೆ ಟಚ್ ಸ್ಕ್ರೀನ್ ಬಗ್ಗುವುದಿಲ್ಲ, ಆಗ ಯಂತ್ರ ಮಾತಾಡಬೇಕು. ಪಕ್ಕದಲ್ಲಿ ಮೇವು ಕತ್ತರಿಸುವ ಮೋಟಾರು ಗಲಾಟೆ ಎಬ್ಬಿಸಿದರೆ ದೊಡ್ಡ ಅಕ್ಷರಗಳು ಬೆಳಗಬೇಕು. ಮನೆಯಲ್ಲಿರುವವರ ಬಟನ್ ಫೋನಿಗೂ ಹಾಲಿನ ಲೆಕ್ಕದ ಸುದ್ದಿ ಮುಟ್ಟಬೇಕು. ಇದನ್ನೆಲ್ಲ ನೋಡಿ ಕಲಿಯಲು ಅವನು ತಿಂಗಳಿಡೀ ಡೇರಿಗೆ ಬಂದಿದ್ದ. ಹಾಲಿನ ಫ್ಯಾಟ್ ಟೆಸ್ಟ್ ಮಾಡುವ ಅಂಬಿಕ, ಕ್ಯಾನು ಹಿಡಿಯಲು ಬಾರದೆ ಒದ್ದಾಡುತ್ತಿದ್ದ ಅವನನ್ನು ಓರೆಗಣ್ಣಲ್ಲಿ ನೋಡಿ, ನಗು ತಡೆದುಕೊಂಡು ಈ 'ಮೆಲ್ಲಗೆ ಉಯ್ರಿ' ಮಾತು ಅಂದಿದ್ದಳು. ಜನ ಹೇಗೆ ಮಾತಾಡುತ್ತಾರೆಂದು ತಿಳಿಯಲು ಅವನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದುದು ಅವಳಿಗೆ ಗೊತ್ತಿತ್ತು. ಅದನ್ನೇ ಯಂತ್ರಕ್ಕೆ ಹಾಕುತ್ತೇನೆಂದು ಆ ಮಹಾರಾಯ ಹೇಳಿರಲಿಲ್ಲ.

"ಒಂದು ಮಾತು ಕೇಳ್ದೆ ಆಕ್ಬುಟ್ರಲ್ಲ ಸಾರ್, ನಾಚ್ಕೆ ಆಗ್ಲಿಲ್ವಾ?" ಎಂದು ಅಂಬಿಕ ಯಂತ್ರದ ಪಕ್ಕ ನಿಂತಿದ್ದ ಅವನ ಮೇಲೆ ಹರಿಹಾಯ್ದಳು.

ಮುನೀಂದ್ರ ತಬ್ಬಿಬ್ಬಾದ. "ಬೇರೆ ದನಿಗಳ್ನೂ ಹಾಕಿ ನೋಡ್ದೆ ಅಂಬಿಕ. ಟೆಸ್ಟಲ್ಲಿ ನಿಮ್ದೇ ಬೆಸ್ಟ್ ಬಂತು."

"ಬೆಸ್ಟಾ? ಕಂಡೋರೆಲ್ಲ ಜೊಲ್ಲು ಸುರಿಸ್ಕೊಂಡು ಕೇಳ್ಲಿ ಅಂತ ನಾನ್ ಮಾತಾಡಿದ್ನಾ?"

ಅವನು ವೆಂಕಿಯ ಕಡೆ ನೋಡಿದ. ಈಗ ಮುನೀಂದ್ರನ ಮುಖವೂ ಕಹಿಯಾಯಿತು. ಯಂತ್ರ ನೋಡಲು ಹಾಲು ಒಕ್ಕೂಟದ ಅಧಿಕಾರಿಗಳು ಆಗಲೇ ಕೆಜಿಎಫ್‌ನಿಂದ ಹೊರಟಿದ್ದರು. ಒಪ್ಪಿದರೆ ಸುತ್ತಲಿನ ಡೇರಿಗಳಿಗೆಲ್ಲ ಇದೇ ಯಂತ್ರ. ಆದರೂ ಅವನು ಲ್ಯಾಪ್‌ಟಾಪ್ ತೆರೆದು ಅವಳೆದುರೇ ಆ ದನಿಯನ್ನು ಅಳಿಸಿಬಿಟ್ಟ. ಉಳಿದ ದನಿಗಳಿಗೂ ಯಾರನ್ನೂ ಕೇಳಿರಲಿಲ್ಲವಾದ್ದರಿಂದ ತನ್ನ ಗೊಗ್ಗರು ದನಿಯನ್ನೇ ತುರುಕಿದ.

"ಅಯ್ಯೋ, ಇದ್ ಕೇಳುದ್ರೆ ಎಮ್ಮೆ ಆಲೇ ಕೊಡಾಕಿಲ್ಲ!" ಎಂದು ಹಾಲು ಹಾಕಲು ಬಂದ ಗಂಗರತ್ನಮ್ಮ ಕಿವಿ ಮುಚ್ಚಿಕೊಂಡಳು. ಅಷ್ಟರಲ್ಲಿ ಬಂದ ಅಧಿಕಾರಿಗಳೂ ಮೂಗು ಮುರಿದು, ಆಮೇಲೆ ನೋಡೋಣ ಎಂದು ಜೀಪು ಹತ್ತಿದರು.

ಎಲ್ಲರೂ ಹೋದ ಮೇಲೆ ಮುನೀಂದ್ರ ವೈರು ಸುತ್ತತೊಡಗಿದ. "ನಂದೇ ತಪ್ಪು. ಇನ್ಮೇಲೆ ಈ ಕಡೆ ಬರಲ್ಲ."

ಅಂಬಿಕಳ ಅಸಹ್ಯ ಇನ್ನೂ ಇಳಿದಿರಲಿಲ್ಲ. ವೆಂಕಿಯ ಮೇಲೆ, ಇವನ ಮೇಲೆ, ಇವನು ಹೊರಟರೆ ಡವಡವ ಎನ್ನುವ ತನ್ನ ಎದೆಯ ಮೇಲಂತೂ ಎಲ್ಲಕ್ಕಿಂತ ಹೆಚ್ಚು.

"ನಾನ್ ಬೇರೆಯೋರ ಜೊತೆ ಯಾವತ್ತಾದ್ರೂ ಅಂಗ್ ನಯವಾಗಿ ಮಾತಾಡಿದ್ದು ಕೇಳಿದ್ದೀರಾ?" ಎಂದಳು ಮುಖ ಸಿಂಡರಿಸಿಕೊಂಡೇ.

ಅವನು ಯೋಚಿಸಿದ. ತಿಂಗಳ ರೆಕಾರ್ಡಿಂಗಿನಲ್ಲಿ ಬೇರೆಯವರಿಗೆಲ್ಲ ಅವಳಿಂದ ಸಿಕ್ಕಿದ್ದು ಬರೀ ಬೈಗುಳ. ಅವನ ಕಿವಿಗಳು ಕೆಂಪಾದವು.

"ಅಂದ್ರೆ... ನಂಗೆ ಮಾತ್ರಾನಾ?"

"ಥೂ, ಅದ್ನೂ ಬಾಯ್ಬಿಟ್ಟು ಯೋಳ್ಬೇಕಾ?" ಎಂದು ಅಂಬಿಕ ವೈರಿನ ಇನ್ನೊಂದು ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.