ಎಲ್ಲಾ ಎತ್ತಿಟ್ಟಿದ್ದೀನಿ, ಮೊದ್ದು

"ಮುಟ್ಟಬೇಡಿ! ದೂರ ಸರೀರಿ ಅಲ್ಲಿಂದ!"

ಬಾಗಿಲಲ್ಲಿ ನಿಂತು ಹಾಗೆ ಕಿರುಚಿದಾಗ ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ಅದು ತೀರಿಹೋದ ಅಕ್ಕನ ಕೋಣೆ. ಹಗಲು ಅವಳು ಅಲ್ಲಿ ಕೆಲಸಕ್ಕೆ ಕೂರುತ್ತಿದ್ದಳು ನಿಜ. ಆದರೆ ಹೊತ್ತು ಮುಳುಗುವ ಮುಂಚೆ ಬಾಗಿಲು ಎಳೆದುಕೊಂಡು ಹೊರಗೆ ಬಂದುಬಿಡುವಳು. ಈಗ ನೋಡಿದರೆ, ಯಾರೋ ಒಬ್ಬ ಅಕ್ಕನ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ನೆಲಕ್ಕೆ ಬಾಗಿ, ಹಾರ್ಡ್ ಡಿಸ್ಕಿಗೆ ಕಿವಿ ಕೊಟ್ಟು ಕೂತಿದ್ದಾನೆ!

"ಮುಟ್ಟಿಲ್ಲ ಮೇಡಂ... ಬರೀ ಕೇಳಿಸ್ಕೊಳ್ತಿದ್ದೆ." ಅವನು ಎರಡೂ ಕೈ ಎತ್ತಿದ. "ರಿಪೇರಿಯವನು ನಾನು. ಸಂಜೆ ಹೊತ್ತು ಇದು ತಾನಾಗೇ ಎದ್ದು ಕರಕರ ಅನ್ನುತ್ತೆ ಅಂತ ಅಮ್ಮ ಕರೆಸಿದ್ರು."

"ಅಮ್ಮಾ!"

"ನನ್ನ ಮೇಲೆ ಯಾಕೆ ಹರಿಹಾಯ್ತೀಯ?" ಅಡುಗೆಮನೆಯಿಂದ ಉತ್ತರ ಬಂತು. "ದಿನಾ ಸಂಜೆ ಧಸಕ್ ಅನ್ನೋದು ನನ್ನ ಎದೆ ತಾನೇ?"

ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯ ಬೆಳಕು ಇಳಿಯಿತು. ಯಾರೂ ಗುಂಡಿ ಒತ್ತಲಿಲ್ಲ. ಆದರೂ ಕಂಪ್ಯೂಟರ್ ಎದ್ದಿತು! ಒಳಗೆ ಡಿಸ್ಕುಗಳು ಗುಂಯ್ಗುಟ್ಟಿದವು, ಒಂದು ಕರಕರ ಎಂದಿತು. ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ ನಗು ಬೆರೆತ ಹೆಣ್ಣು ದನಿ...

"ಎಲ್ಲಾ ಎತ್ತಿಟ್ಟಿದ್ದೀನಿ, ಮೊದ್ದು. ಊಟಕ್ಕೆ ಏಳು."

ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು.

"ಯಾರು... ಮೇಡಂ?"

"ನಮ್ಮಕ್ಕ," ಎಂದಳು ಅವಳು. "ಈಗಿಲ್ಲ."

ಅಕ್ಕ ಮಕ್ಕಳ ಕಥೆಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದಳು. ಅದರಲ್ಲಿನ ಕೆಮ್ಮು, ತೊದಲು ಕತ್ತರಿಸಿ ಸರಿಮಾಡುವುದು ತಂಗಿಯ ಕೆಲಸ. ಕಂಪ್ಯೂಟರ್ ಒಂದೇ, ಆದರೆ ಇಬ್ಬರ ಆಪರೇಟಿಂಗ್ ಸಿಸ್ಟಂ ಬೇರೆ ಬೇರೆ. ಅಕ್ಕನ ಸಿಸ್ಟಂ ದಿನಾ ಸಂಜೆ ತಾನಾಗಿ ಎದ್ದು, ದನಿಗಳಿರುವ ಡಿಸ್ಕನ್ನು ಇನ್ನೊಂದು ಡಿಸ್ಕಿಗೆ ಬ್ಯಾಕಪ್ ಮಾಡಿ, ಅಕ್ಕ ಮೊದಲೇ ರೆಕಾರ್ಡ್ ಮಾಡಿ ಸಿಸ್ಟಂನೊಳಗೇ ಸೇರಿಸಿಟ್ಟ ಆ ಮಾತು ಹೇಳಿ ಮಲಗುತ್ತಿತ್ತು. ಅಕ್ಕ ಹೋದ ಮೇಲೂ!

"ಒಂದೇ ಮನೇಲಿ ಎರಡು ಒಲೆ ಹೂಡಿದ ಹಾಗಿದೆ," ಎಂದ ಅವನು. "ಆದ್ರೆ ದನಿಗಳ ಡಿಸ್ಕು ಇನ್ನು ಹೆಚ್ಚು ದಿನ ಬಾಳಲ್ಲ ಮೇಡಂ. ಬ್ಯಾಕಪ್ಪಿನ ಡಿಸ್ಕೂ ಅಷ್ಟೇ ಹಳೇದು. ಹೊಸದಕ್ಕೆ ಸಾಗಿಸ್ದೆ ಬಿಟ್ರೆ ಕೈಕೊಡುತ್ತೆ."

ಅವಳ ಜೀವ ಬಾಯಿಗೆ ಬಂತು. ಅಕ್ಕ ಅವಳನ್ನು ಕರೆಯುತ್ತಿದ್ದುದೇ ಮೊದ್ದು ಎಂದು; ಆ ಡಿಸ್ಕಿನಲ್ಲಿ 'ಮೊದ್ದುಗೆ' ಎಂಬ ಒಂದು ಫೈಲ್ ಇತ್ತು. ಕೊನೆಯ ಸಲ ಆಸ್ಪತ್ರೆಗೆ ಹೋಗುವ ಮುಂಚೆ ಅಕ್ಕ ಮಾಡಿಟ್ಟದ್ದು. ಇನ್ನೂ ಅದನ್ನು ತೆರೆದೇ ಇಲ್ಲ ಎಂದು ಅವಳು ಅವನಿಗೆ ಹೇಳಿಬಿಟ್ಟಳು.

"ಯಾಕೆ?" ಎಂದು ಅವನು ಮೆಲ್ಲಗೆ ಕೇಳಿದ.

"ಅದೊಂದು ಕೇಳಿಬಿಟ್ರೆ... ಆಮೇಲೆ ಅಕ್ಕ ನಂಗೆ ಹೊಸದಾಗಿ ಹೇಳೋದು ಏನೂ ಉಳಿಯಲ್ಲ."

ಅವನು ನಗಲಿಲ್ಲ. ಸಮಾಧಾನದ ಮಾತೂ ಆಡಲಿಲ್ಲ. ಬಹುಶಃ ಅದಕ್ಕೇ ಅವನು ಅವಳಿಗೆ ಹಿಡಿಸಿದ.

ಆಮೇಲೆ ಅವನು ಅಂಗಡಿ ಮುಚ್ಚಿ ಸಂಜೆಗಳಲ್ಲಿ ಬರತೊಡಗಿದ. "ಬಂದ ನೋಡು ನಿನ್ನ ಡಬ್ಬದ ಹುಡುಗ!" ಎಂದು ಅಮ್ಮ ಬೇಕೆಂದೇ ಜೋರಾಗಿ ಹೇಳುವಳು. ಯಾವ ಡಿಸ್ಕಿನಲ್ಲಿ ಏನಿದೆ, ಕಂಪ್ಯೂಟರ್ ಅದನ್ನು ಯಾವ ಅಕ್ಷರದಿಂದ ಗುರುತಿಸುತ್ತದೆ ಎಂದು ನೋಡಿ ಅವನು ಒಂದೊಂದಕ್ಕೂ ಚೀಟಿ ಅಂಟಿಸಿದ. ತಾನು ತಂದು ಕೂರಿಸಿದ ಹೊಸ ಡಿಸ್ಕಿನ ಮೇಲೆ 'ಡಿ, ಖಾಲಿ' ಎಂದು ಬರೆದ.

ಹೊತ್ತು ಮುಳುಗುವಾಗ ಅವಳು ಈಗ ಕೋಣೆಯಲ್ಲೇ ಇರುತ್ತಿದ್ದಳು. ಅಕ್ಕನ ದನಿ ಬಂದಾಗ ಇಬ್ಬರೂ ಮಾತು ನಿಲ್ಲಿಸುವರು. ಆ ಕ್ಷಣದಲ್ಲಿ ಅವಳ ಬೆನ್ನಿಗೆ ಚಳಿ ಹತ್ತುವುದು ಮಾತ್ರ ನಿಂತಿರಲಿಲ್ಲ.

"ನಾಳೆ ಬಂದು ದನಿಗಳನ್ನೆಲ್ಲ ಹೊಸದಕ್ಕೆ ಸಾಗಿಸ್ತೀನಿ," ಎಂದು ಒಂದು ದಿನ ಅವನು ಹೇಳಿ ಹೋದ.

ಮರುದಿನ ಅವಳಿಗೆ ಸುಮ್ಮನಿರಲಾಗಲಿಲ್ಲ. 'ಪಾಪ, ಅಂಗಡಿಯಲ್ಲಿ ದುಡಿದು ದಣಿದು ಬರ್ತಾನೆ. ಹೊಸ ಡಿಸ್ಕನ್ನಾದರೂ ನಾನೇ ಫಾರ್ಮ್ಯಾಟ್ ಮಾಡಿಟ್ಟರೆ...' ಎಂದುಕೊಂಡು ತನ್ನ ಸಿಸ್ಟಂ ತೆರೆದಳು. ಚೀಟಿ ನೋಡಿದಳು. ಡಿ, ಖಾಲಿ. 'ಎಲ್ಲವೂ ಅಳಿಸಿಹೋಗುತ್ತದೆ, ಸರಿಯೇ?' ಎಂದು ಕಂಪ್ಯೂಟರ್ ಕೇಳಿತು. ಖಾಲಿ ಡಿಸ್ಕಿನಲ್ಲಿ ಅಳಿಸುವುದೇನಿದೆ? ತನ್ನಷ್ಟಕ್ಕೆ ನಗುತ್ತಾ ಒತ್ತಿಬಿಟ್ಟಳು. ಆಮೇಲೆ ಎಲ್ಲ ಆರಿಸಿ ಮುಖ ತೊಳೆಯಲು ಹೋದಳು.

ಸಂಜೆ ಎಂದಿನಂತೆ ಅದು ತಾನಾಗಿ ಎದ್ದಿತು.

"ಎಲ್ಲಾ ಎತ್ತಿಟ್ಟಿದ್ದೀನಿ, ಮೊದ್ದು..."

ಪರದೆಯ ಮೇಲೆ ಅಕ್ಕನ ಡಿಸ್ಕು ಖಾಲಿ. ಬ್ಯಾಕಪ್ಪೂ ಖಾಲಿ! ಏನೂ ಉಳಿಯದ ಮನೆಯಲ್ಲಿ ಎಲ್ಲಾ ಇದೆ ಎಂದು ಸತ್ತವಳು ನಗುತ್ತಾ ಹೇಳುತ್ತಿದ್ದಾಳೆ... ಅವಳು ಕಿವಿ ಮುಚ್ಚಿಕೊಂಡು ಕುಸಿದಳು.

ಅವನು ಬಂದವನೇ ಪರದೆ ನೋಡಿದ, ಚೀಟಿ ನೋಡಿದ. ಮುಖ ಬಿಳಿಚಿಕೊಂಡಿತು. ಥಟ್ಟನೆ ವೈರ್ ಕಿತ್ತ.

"ತಪ್ಪು ನಂದೇ. ಚೀಟಿ ಬರೆಯೋವಾಗ ಅಕ್ಕನ ಸಿಸ್ಟಂನಲ್ಲಿ ಕೂತಿದ್ದೆ. ಅಲ್ಲಿ ಡಿ ಅಂದ್ರೆ ಹೊಸ ಡಿಸ್ಕು. ನಿಮ್ಮ ಸಿಸ್ಟಂನಲ್ಲಿ ಡಿ ಅಂದ್ರೆ ದನಿಗಳ ಡಿಸ್ಕು. ಅಕ್ಷರ ಎರಡೂ ಕಡೆ ಒಂದೇ ಇರಲ್ಲ... ಗೊತ್ತಿದ್ದೂ ನಾನು ಹೇಳಲಿಲ್ಲ."

"ಬ್ಯಾಕಪ್ ಇತ್ತಲ್ಲ?"

"ಅದು ಕನ್ನಡಿ ಥರ. ಇದು ಖಾಲಿಯಾದ್ರೆ ಅದೂ ಖಾಲಿ."

"ನಿಮ್ಮನ್ನ ನಂಬಿದ್ನಲ್ಲ ನಾನು!" ಅವಳು ಬಾಗಿಲಿನತ್ತ ಕೈ ತೋರಿದಳು. "ಹೋಗಿ! ಮತ್ತೆ ಈ ಮನೆ ಹೊಸ್ತಿಲು ತುಳೀಬೇಡಿ!"

ಅವನು ಡಿಸ್ಕುಗಳನ್ನು ಬಿಚ್ಚಿಕೊಂಡು ತಲೆ ತಗ್ಗಿಸಿ ಹೊರಟ.

ಆ ಮೇಲಿನ ಸಂಜೆಗಳಲ್ಲಿ ಕೋಣೆ ಬಾಯಿ ಬಿಡಲಿಲ್ಲ. ದನಿ ಇದ್ದಾಗ ಹೆದರುತ್ತಿದ್ದವಳು ಈಗ ಅದಿಲ್ಲವೆಂದು ನಡುಗಿದಳು. ಹೊತ್ತು ಮುಳುಗಿದರೆ ಸಾಕು, ಬರಿದಾದ ಡಬ್ಬದ ಮುಂದೆ ಕೂತು, "ಏಳಬೇಕಾ ಅಕ್ಕಾ?" ಎಂದು ಕೇಳುವಳು. ಒತ್ತಿದ್ದು ತನ್ನದೇ ಬೆರಳು ಎಂಬುದು ನೆನಪಾಗಿ ಅಳುವಳು.

"ಇಬ್ಬರನ್ನೂ ಕಳ್ಕೊಂಡು ಕೂತೆಯಲ್ಲೇ," ಎಂದು ಅಮ್ಮ ತಲೆ ಸವರಿದಳು.

ಹೌದು... ಇಬ್ಬರನ್ನೂ. ಅವನ ಚಪ್ಪಲಿ ಸದ್ದಿಗೂ ಅವಳ ಕಿವಿ ಕಾಯುತ್ತಿತ್ತು.

ಕೊನೆಗೊಂದು ಇಳಿಹೊತ್ತು ಅವನು ಹೊಸ್ತಿಲಾಚೆಯೇ ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು.

"ಒಳಗೆ ಬರಲ್ಲ. ಇದನ್ನ ಕೊಟ್ಟು ಹೋಗ್ತೀನಿ." ಹಳೆಯ ಡಿಸ್ಕುಗಳ ಚೀಲದ ಮೇಲಿಟ್ಟು ಹೊಸ ಡಿಸ್ಕನ್ನು ಚಾಚಿದ. "ಅಳಿಸಿದ ತಕ್ಷಣ ಎಲ್ಲ ಹೋಗಿಬಿಡಲ್ಲ. ಅದರ ಮೇಲೆ ಬೇರೇನೂ ಬರೀದಿದ್ರೆ ಸಿಗುತ್ತೆ, ಅದಕ್ಕೇ ಅವತ್ತು ವೈರ್ ಕಿತ್ತಿದ್ದು. ಸಿಗುತ್ತೆ ಅಂತ ಆಸೆ ಹುಟ್ಟಿಸಿ ಆಮೇಲೆ ಕೈ ಚೆಲ್ಲೋಕೆ ಧೈರ್ಯ ಬರದೆ ಅವತ್ತು ಹೇಳಲಿಲ್ಲ."

"ಸಿಕ್ತಾ?!"

"ದನಿಗಳು ಸಿಕ್ವು. ಹೆಸರುಗಳು ಹೋಗಿವೆ. ಯಾವುದು ಯಾವುದು ಅಂತ ಗೊತ್ತಾಗದೆ ಒಂದೊಂದನ್ನೇ ಕೇಳ್ತಾ ಬಂದೆ. ಒಂದರಲ್ಲಿ 'ಮೊದ್ದು' ಅಂದ್ರು... ಅಲ್ಲಿಗೇ ನಿಲ್ಲಿಸಿದೆ. ಮುಂದಿನದು ನಿಮ್ದು."

ಅವಳು ಅವನ ಕೈ ಹಿಡಿದು ಹೊಸ್ತಿಲು ದಾಟಿಸಿದಳು!

"ಬಯ್ದಿದ್ದಕ್ಕೆ ಕ್ಷಮಿಸಿ. ಒತ್ತಿದ್ದು ನಾನು. ಪಕ್ಕದಲ್ಲಿ ಕೂತ್ಕೊಳ್ಳಿ, ಒಬ್ಬಳೇ ಕೇಳೋಕಾಗಲ್ಲ."

ಡಿಸ್ಕುಗಳನ್ನು ಕೂರಿಸಿದರು. ಅಕ್ಕನ ಸಿಸ್ಟಂ ತೆರೆದು ಅವಳೇ ಒತ್ತಿದಳು.

"ಮೊದ್ದು, ಅಳಬೇಡ, ಕೇಳು. ನಾನಿಲ್ದೆ ಹೋದ್ರೂ ಈ ಡಬ್ಬ ದಿನಾ ಸಂಜೆ ಎದ್ದು ನನ್ನ ಥರಾನೇ ಕೂಗುತ್ತೆ ಕಣೇ. ನೀನು ಮೊದಲೇ ಪುಕ್ಕಲಿ. ಅದನ್ನ ನಿಲ್ಲಿಸೋದು ಹೇಗೆ ಅಂತ ಹೇಳ್ತೀನಿ. ನಿಲ್ಲಿಸ್ಬಿಡು. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ..."

ಅಷ್ಟು ದಿನ ಅವಳು ಹೆದರಿ ತೆರೆಯದೇ ಇಟ್ಟದ್ದು ಹೆದರಿಕೆಯ ಮದ್ದನ್ನೇ! ಅವಳು ಅತ್ತಳು, ಅಳುತ್ತಲೇ ನಕ್ಕಳು. ಅಕ್ಕ ಹೇಳಿದಂತೆ ಒಂದೊಂದೇ ಒತ್ತುತ್ತಾ ಹೋದಳು. ಕೊನೆಯ ಗುಂಡಿಯ ಮೇಲೆ ಬೆರಳು ನಿಂತಿತು.

"ನಿಲ್ಲಿಸ್ತೀರಾ?" ಎಂದ ಅವನು.

"ಹ್ಞೂಂ. ದನಿ ಇದೆಯಲ್ಲ, ಬೇಕಾದಾಗ ನಾನೇ ಕೇಳ್ತೀನಿ." ಒತ್ತಿಬಿಟ್ಟಳು.

ಕಿಟಕಿಯ ಬೆಳಕು ಇಳಿಯಿತು. ಯಾವ ದನಿಯೂ ಬರಲಿಲ್ಲ. ಅವಳ ಬೆನ್ನಿಗೆ ಚಳಿಯೂ ಹತ್ತಲಿಲ್ಲ.

"ನಾಳೆಯಿಂದ ಸಂಜೆ ಬರೋಕೆ ನಂಗೆ ನೆಪ ಇರಲ್ಲ," ಎಂದ ಅವನು ನೆಲ ನೋಡುತ್ತಾ. "ನೆಪ ಇಲ್ದೇನೂ ಬರಬೇಕು ಅನ್ಸುತ್ತೆ. ದಿನಾ. ನೀವಿಲ್ದೆ ನಂಗೆ ಸಂಜೆ ಆಗ್ತಿಲ್ಲ."

"ಬನ್ನಿ. ನಂಗೂ ಅಷ್ಟೇ."

ಅವನು ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ... ಊಟಕ್ಕೆ ಏಳಿ."

"ಏಳು ಅನ್ನಿ."

"ಏಳು... ಮೊದ್ದು ಅನ್ನಬಹುದಾ?"

"ಊಹೂಂ! ಅದು ಅಕ್ಕಂದು." ಅವಳು ಕಣ್ಣೊರೆಸಿಕೊಂಡು ಅವನ ಕೈಗೆ ಕೈ ಕೊಟ್ಟು ಎದ್ದಳು. "ನೀನು ಬೇರೆ ಹುಡುಕ್ಕೋ."