ಎಡಕ್ಕೆ ತಿರುಗಿದ ತಾಮ್ರದ ಕೊಕ್ಕು

"ಏನ್ರೀ ಮಾಸ್, ಇದನ್ನ ಚಂಟಿಂಗ್ ಅಂತ ಮಾರ್ತಿದೀರಾ, ಇಲ್ಲ ಸೋರೋ ನಲ್ಲಿ ಅಂತಾನಾ?"

ಸುಲಿಸ್ ಕೈಯಲ್ಲಿದ್ದ ಚಂಟಿಂಗನ್ನು ಅಂಗಡಿಯ ಹಲಗೆ ಮೇಲೆ ಕುಕ್ಕಿದಳು. ಲವೆಯಾನ್ ಸಂತೆಯ ಅರ್ಧ ಜನ ತಿರುಗಿ ನೋಡಿದರು.

ತಾಮ್ರ ಬಡಿಯುತ್ತಾ ಕೂತಿದ್ದ ಅಂಗಡಿಯ ಗುನಾದಿ ಸುತ್ತಿಗೆ ಕೆಳಗಿಟ್ಟು ತಲೆ ಎತ್ತಿದ. ಬಟ್ಟೆಯ ಮೇಲೆ ಮೇಣದಲ್ಲಿ ಬಾಟಿಕ್ ಚಿತ್ತಾರ ಬರೆಯುವ ಹೆಂಗಸರ ಬಾಯಿ ಅವನಿಗೇನೂ ಹೊಸದಲ್ಲ. ಆದರೆ ಇಷ್ಟು ಚೆಂದದ ಕೋಪ...? ಅದು ಹೊಸದು!

ಅವನು ಚಂಟಿಂಗನ್ನು ಎತ್ತಿಕೊಂಡ. ಬಿದಿರಿನ ಹಿಡಿ, ಅದರ ತುದಿಗೆ ಬಿಸಿ ಮೇಣ ತುಂಬಿಕೊಳ್ಳುವ ತಾಮ್ರದ ಪುಟ್ಟ ಬಟ್ಟಲು, ಬಟ್ಟಲಿಗೆ ಹಕ್ಕಿಗಿರುವಂಥ ಕೊಕ್ಕು. ಆ ಕೊಕ್ಕಿಗೆ ತುಟಿ ಇಟ್ಟು 'ಫೂ' ಎಂದು ಊದಿದ.

"ದಾರಿ ಸರಿಯಾಗೇ ಇದೆ. ತಗೊಳ್ಳಿ."

"ಛೀ! ನಿಮ್ಮ ಎಂಜಲು ನಂಗ್ಯಾಕೆ?"

"ಅಲ್ಲಮ್ಮಾ, ಮೇಣ ಕಟ್ಟಿಕೊಂಡ್ರೆ ಊದದೆ ಇನ್ನೇನು ಪೂಜೆ ಮಾಡ್ತಾರಾ? ನೀವು ದಿನಾ ಊದಲ್ವಾ?"

"ನಾನು ಊದೋದು ನನ್ನ ಚಂಟಿಂಗನ್ನ. ಕಂಡೋರದ್ದಲ್ಲ!"

"ಹಾಗೋ! ಹಾಗಾದ್ರೆ ಯಾರೂ ಊದದೇ ಇರೋದು ಇಗೋ..." ಎಂದು ನಗುತ್ತಾ ಅವನು ಹೊಸದೊಂದನ್ನು ಅವಳತ್ತ ಎಸೆದ.

ಸುಲಿಸ್ ಅದನ್ನು ಗಾಳಿಯಲ್ಲೇ ಹಿಡಿದಳು, ಎಡಗೈಯಲ್ಲಿ.

ಮರುಕ್ಷಣವೇ ಅವಳ ಮುಖ ಬಿಳಿಚಿತು. ಚಂಟಿಂಗನ್ನು ಬಲಗೈಗೆ ದಾಟಿಸಿ, ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಗುನಾದಿಯ ನಗು ನಿಂತಿತು. ಹೋಗುತ್ತಿದ್ದವಳನ್ನು ಬೀದಿಯ ತಿರುವಿನವರೆಗೂ ನೋಡುತ್ತಲೇ ಇದ್ದ.

'ಯಾಕೆ ಹಾಗೆ ನೋಡಿದ? ಗೊತ್ತಾಗಿಬಿಟ್ಟಿತಾ...? ಗೊತ್ತಾದರೆ ಆಗಲಿ, ಅವನ್ಯಾರು ನನಗೆ?' ದಾರಿಯುದ್ದಕ್ಕೂ ಸುಲಿಸ್ ತನ್ನನ್ನೇ ಕೇಳಿಕೊಂಡಳು. ಅವನ್ಯಾರು ಎಂಬ ಪ್ರಶ್ನೆಯನ್ನು ಮಾತ್ರ ಅಗತ್ಯಕ್ಕಿಂತ ತುಸು ಹೆಚ್ಚೇ ಸಲ ಕೇಳಿಕೊಂಡಳು ಅನ್ನಿ!

ನಮ್ಮ ಸೋಲೋ ಊರಲ್ಲಿ ಬಲಗೈಯನ್ನು ಸಿಹಿ ಕೈ ಅನ್ನುತ್ತೇವೆ. "ಸಿಹಿ ಕೈಯಲ್ಲಿ ಕೊಡು, ಸಿಹಿ ಕೈಯಲ್ಲಿ ತಗೋ" ಎಂದು ಹೇಳಿಸಿಕೊಳ್ಳದೆ ಬೆಳೆದ ಮಗು ಇಲ್ಲಿಲ್ಲ. ಸುಲಿಸ್ ಅದನ್ನು ಎಲ್ಲರಿಗಿಂತ ಜಾಸ್ತಿ ಕೇಳಿದ್ದಳು, ಪೆಟ್ಟಿನ ಜೊತೆಗೆ. ಊಟಕ್ಕೆ, ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ ಬಲಗೈಯನ್ನು ಹೇಗೋ ಪಳಗಿಸಿಕೊಂಡಳು. ಮೇಣದ ಗೆರೆ ಮಾತ್ರ ಅವಳ ಎಡಗೈಗೆ ಬಿಟ್ಟು ಇನ್ನೊಂದಕ್ಕೆ ಒಲಿಯಲಿಲ್ಲ.

ಹರ್ತಿನಿಯಮ್ಮನ ಬಾಟಿಕ್ ಮನೆಯಲ್ಲಿ ಹೆಂಗಸರೆಲ್ಲ ಮೇಣದ ಒಲೆಯ ಸುತ್ತ ಕೂತು ಬರೆಯುತ್ತಿದ್ದರು. ಸುಲಿಸ್ ಮಾತ್ರ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ತನ್ನದೇ ಸಣ್ಣ ಒಲೆಯನ್ನು ಎಡಕ್ಕಿಟ್ಟುಕೊಂಡು ಕೂರುತ್ತಿದ್ದಳು. "ದೊಡ್ಡ ಒಲೆ ಹೊಗೆ ಆಗಲ್ಲ ನಂಗೆ" ಎಂಬುದು ಅವಳ ನೆಪ. ವರ್ಷಗಟ್ಟಲೆ ಯಾರಿಗೂ ತಿಳಿಯಲಿಲ್ಲ.

ಈಗ ಹರ್ತಿನಿಯಮ್ಮನ ಮಗಳು ನಿಂಗ್ರುಮ್‌ಳ ಮದುವೆ. ಆ ದಿನ ಮದುಮಗಳು ಉಡುವ ಬಟ್ಟೆಯನ್ನು ಸುಲಿಸ್‌ಳೇ ಬರೆಯಬೇಕೆಂದು ಯಜಮಾನ್ತಿ ಹೇಳಿದ್ದಳು. ಅಷ್ಟೇ ಅಲ್ಲ... ಅಂಚಿನಲ್ಲಿ ಸುಲಿಸ್ ತನ್ನ ಹೆಸರು ಬರೆಯಬಹುದಂತೆ! ಇಲ್ಲಿಯವರೆಗೆ ಅವಳು ಬರೆದ ಬಟ್ಟೆಗಳೆಲ್ಲ ಹೆಸರಿಲ್ಲದೆಯೇ ಬಾಗಿಲು ದಾಟಿದ್ದವು. ಇದೊಂದು ಮುಗಿದರೆ ಸಾಕು, ಸುಲಿಸ್ ಎಂಬವಳೊಬ್ಬಳು ಇದ್ದಳೆಂದು ಆ ಬಟ್ಟೆಯಾದರೂ ಹೇಳುತ್ತದೆ.

ಅರ್ಧ ಬಟ್ಟೆ ಮುಗಿದಿತ್ತು. ಆಗಲೇ ಬಂದ ಆ ಮಹಾನುಭಾವ!

ಸಂತೆಯಲ್ಲಿ ಅವಳ ಹೆಸರು, ವಿಳಾಸ ವಿಚಾರಿಸಿಕೊಂಡು ಬಂದ ಗುನಾದಿ ಬಾಟಿಕ್ ಮನೆಯ ಅಂಗಳದಲ್ಲಿ ನಿಂತಿದ್ದ. ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗನ ಸಂಭ್ರಮ.

"ಸುಲಿಸ್ ಅವರೇ, ಸಿಕ್ಕಿತು! ತಪ್ಪು ನಿಮ್ಮದಲ್ಲ, ನನ್ನದೂ ಅಲ್ಲ. ನಾವು ಕೊಕ್ಕನ್ನ ಒಂದು ಕೂದಲೆಳೆಯಷ್ಟು ಬಲಗೈಗೆ ತಿರುಗಿಸಿ ಬಡೀತೀವಿ. ಅದಕ್ಕೇ ನಿಮಗೆ ಸೋರ್ತಿತ್ತು. ಇದು ನೋಡಿ, ನಿಮ್ಮ ಎಡಗೈಗೆ ಅಂತಾನೇ ಮಾಡಿದ್ದು..."

ಒಲೆಯ ಸುತ್ತ ಕೂತಿದ್ದವರ ಕೈಗಳೆಲ್ಲ ನಿಂತವು.

"ಎಡಗೈಗಾ?" ಹಿರಿಯಳಾದ ತುಮಿ ಅಕ್ಕ ಎದ್ದೇಬಿಟ್ಟಳು. "ಏನೇ ಸುಲಿಸ್, ಮದುಮಗಳ ಬಟ್ಟೇನ ಎಡಗೈಯಲ್ಲಿ ಬರೀತಿದೀಯಾ?"

"ಇಲ್ಲ ಅಕ್ಕಾ! ಇವರು ತಮಾಷೆ..."

"ಹಾಗಾದ್ರೆ ಬಲಗೈಯಲ್ಲಿ ಒಂದು ಗೆರೆ ಎಳಿ. ನಮ್ಮೆದುರಿಗೇ!"

ಗುನಾದಿಗೆ ಆಗ ಹೊಳೆಯಿತು. ಮುಖ ಇಳಿದುಹೋಯಿತು. "ನಾನೇ ತಪ್ಪು ತಿಳ್ಕೊಂಡೆ, ಅಕ್ಕಾ..." ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಹಳೇ ಬಟ್ಟೆಯ ತುಂಡೊಂದರ ಮೇಲೆ ಸುಲಿಸ್ ಬಲಗೈಯಲ್ಲಿ ಗೆರೆ ಎಳೆದಳು. ಗೆರೆ ಸೊಟ್ಟಗೆ ಹೋಯಿತು. ಮೇಣ ತೊಟಕ್ ತೊಟಕ್ ಎಂದು ಬಿತ್ತು.

"ಅಯ್ಯೋ ಅಪಶಕುನವೇ! ಕುದಿಯೋ ನೀರಿಗೆ ಹಾಕಿ ಆ ಬಟ್ಟೆಯ ಮೇಣ ತೆಗೀರಿ. ಹೊಸದಾಗಿ ನಾನೇ ಬರೀತೀನಿ" ಅಂದಳು ತುಮಿ ಅಕ್ಕ.

ಹರ್ತಿನಿಯಮ್ಮ ಪೇಟೆಗೆ ಹೋಗಿದ್ದಳು. "ನಾಳೆ ಬೆಳಿಗ್ಗೆ ಅಮ್ಮ ಬರ್ಲಿ, ಅವರೇ ಹೇಳ್ತಾರೆ" ಎಂದು ಮಾತು ನಿಂತಿತು.

ಸುಲಿಸ್ ಓಡಿ ಹೊರಬಂದಳು. ಗುನಾದಿ ಹಿಂದೆಯೇ ಬಂದ.

"ನಂಗೆ ಗೊತ್ತಿರಲಿಲ್ಲ ಸುಲಿಸ್... ನಿಜವಾಗಲೂ..."

"ಸಂತೇಲಿ ನಿಮ್ಮ ಮರ್ಯಾದೆ ತೆಗೆದೆ ಅಂತ ಸೇಡು ತೀರಿಸ್ಕೊಂಡ್ರಿ ಅಲ್ವಾ? ಖುಷಿನಾ ಈಗ?"

ಅವನು ತಾನು ತಂದಿದ್ದ ಚಂಟಿಂಗನ್ನು ಮೆಟ್ಟಿಲ ಮೇಲಿಟ್ಟು, ತಲೆ ತಗ್ಗಿಸಿ ಹೊರಟುಹೋದ.

ಎಸೆಯಲೆಂದೇ ಸುಲಿಸ್ ಅದನ್ನು ಎತ್ತಿಕೊಂಡಳು. ಆದರೆ ಎಸೆಯಲಿಲ್ಲ...

ಬೆಳಗಿನ ಜಾವ ಮನೆಯ ಒಲೆಯಲ್ಲಿ ಚೂರು ಮೇಣ ಕರಗಿಸಿ, ಹಳೇ ದಿಂಬಿನ ಚೀಲದ ಮೇಲೆ ಗೆರೆ ಎಳೆದಳು. ಮೇಣ ಹರಿಯಿತು! ತಡೆಯಲಿಲ್ಲ, ಸೋರಲಿಲ್ಲ, ಅವಳು ಕರೆದಲ್ಲಿಗೆ ಬಂತು. ಚುಕ್ಕಿ ಇಟ್ಟಳು, ಸಾಸಿವೆಗಿಂತ ಸಣ್ಣ ಚುಕ್ಕಿ ಮೂಡಿತು.

ಹಿಡಿಯನ್ನು ತಿರುಗಿಸಿ ನೋಡಿದಳು. ಎಡಗೈ ಹೆಬ್ಬೆರಳು ಕೂರುವ ಜಾಗದಲ್ಲಿ ಬಿದಿರನ್ನು ನುಣ್ಣಗೆ ಕೆತ್ತಿ ಸಣ್ಣ ತಗ್ಗು ಮಾಡಿದ್ದ. ಬೆರಳು ಅದರಲ್ಲಿ ಹೋಗಿ ಕೂತಿತು.

'ಸೇಡು ತೀರಿಸಿಕೊಳ್ಳುವವನು ಹೆಬ್ಬೆರಳು ನೋಯದಿರಲಿ ಅಂತ ಯೋಚಿಸ್ತಾನಾ...?'

ಹುಟ್ಟಿದಾಗಿನಿಂದ ಎಲ್ಲರೂ ಅವಳ ಕೈಯನ್ನು ತಿದ್ದಲು ಹೊರಟವರೇ. ಇವನೊಬ್ಬ ತಾಮ್ರವನ್ನು ತಿದ್ದಿದ್ದ! ಸುಲಿಸ್ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮುಖ ತೊಳೆದು, ತಲೆ ಬಾಚಿ, ಬಾಟಿಕ್ ಮನೆಗೆ ಹೊರಟಳು.

ಈ ಸಲ ಮೂಲೆಗೆ ಹೋಗಲಿಲ್ಲ. ಮದುಮಗಳ ಬಟ್ಟೆಯನ್ನು ಅಂಗಳದ ನಡುವೆ ಬಿದಿರಿನ ಚೌಕಟ್ಟಿಗೆ ಇಳಿಬಿಟ್ಟು, ಎಲ್ಲರ ಎದುರು ಎಡಗೈಯಲ್ಲಿ ಬರೆಯತೊಡಗಿದಳು.

"ನೋಡಿ ಅಮ್ಮಾ ಇವಳ ಕೊಬ್ಬು!" ತುಮಿ ಅಕ್ಕ ಕೂಗಿದಳು.

ಹರ್ತಿನಿಯಮ್ಮ ಬಂದು ನಿಂತಳು. ಮುಖ ಗಂಟಾಗಿತ್ತು. "ಸುಲಿಸ್, ನನ್ನ ಮಗಳ ಬದುಕಿನ ಪ್ರಶ್ನೆ ಇದು. ಎಡಗೈಯ ಬಟ್ಟೆ ಉಟ್ಟು ಅವಳಿಗೆ ಕೆಟ್ಟದಾದ್ರೆ?"

ಸುಲಿಸ್ ಚಂಟಿಂಗನ್ನು ಬದಿಗಿಟ್ಟಳು. ಎದ್ದು ನಿಂತಳು.

"ಅಮ್ಮಾ, ನೀವೀಗ ಉಟ್ಟಿರೋ ಬಟ್ಟೆ ಯಾವುದು?"

"ಇದಾ? ಇದು ನನ್ನ ಅದೃಷ್ಟದ ಬಟ್ಟೆ. ಇದನ್ನ ಉಟ್ಟಾಗಲೇ ನಿಂಗ್ರುಮ್‌ಗೆ ಸಂಬಂಧ ಕೂಡಿಬಂದದ್ದು. ಊರಿಗೆಲ್ಲ ಗೊತ್ತು."

"ಬರೆದೋರು ಯಾರು?"

"ನೀನೇ ಅಲ್ವೇನೇ..." ಎಂದವಳು ಅಲ್ಲಿಗೇ ನಿಂತಳು. ತಾನು ಉಟ್ಟಿದ್ದ ಬಟ್ಟೆಯನ್ನು ನೋಡಿಕೊಂಡಳು. ಮತ್ತೆ ಸುಲಿಸ್‌ಳ ಕೈ ನೋಡಿದಳು.

"ಹೌದಮ್ಮಾ. ಇದೇ ಕೈಯಲ್ಲಿ."

ಮೊದಲು ನಕ್ಕವಳು ಮದುಮಗಳೇ. "ಅಮ್ಮಾ, ಬಿಚ್ಚಿ ಕುದಿಯೋ ನೀರಿಗೆ ಹಾಕ್ತೀಯಾ ಈಗ?" ಎಂದು ನಿಂಗ್ರುಮ್ ಹೊಟ್ಟೆ ಹಿಡಿದುಕೊಂಡಳು. ಹರ್ತಿನಿಯಮ್ಮ ತಡೆಯಲಾರದೆ ತಾನೂ ನಕ್ಕಳು. ಕೊನೆಗೆ ತುಮಿ ಅಕ್ಕನ ತುಟಿಯೂ ಅಲುಗಿತು.

"ನಂಗೆ ಈ ಬಟ್ಟೆಯೇ ಬೇಕು, ಈ ಕೈಯದ್ದೇ" ಅಂದಳು ನಿಂಗ್ರುಮ್. "ಹೆಸರು ದೊಡ್ಡದಾಗಿ ಬರೀ ಅಕ್ಕಾ, ದೂರಕ್ಕೂ ಕಾಣ್ಬೇಕು!"

ಬಟ್ಟೆ ಮುಗಿದ ದಿನ, ಅಂಚಿನಲ್ಲಿ ಅವಳ ಹೆಸರಿನ ಮೇಣ ಇನ್ನೂ ಬೆಚ್ಚಗಿರುವಾಗಲೇ, ಸುಲಿಸ್ ಸಂತೆಗೆ ಹೋದಳು.

ಗುನಾದಿ ಅವಳನ್ನು ಕಂಡು ಎದ್ದು ನಿಂತ. "ಬೈಯೋಕೆ ಬಂದಿದ್ರೆ ಬೈದುಬಿಡಿ. ಕೇಳಿಸ್ಕೊಳ್ತೀನಿ."

"ದಾರಿ ಕಟ್ಟಿಕೊಂಡಿದೆ" ಎಂದು ಸುಲಿಸ್ ಚಂಟಿಂಗನ್ನು ಮುಂದೆ ಚಾಚಿದಳು, ಎಡಗೈಯಲ್ಲಿ. ಇಡೀ ಸಂತೆ ನೋಡುತ್ತಿತ್ತು. ಅವಳು ಕೈ ಹಿಂದೆಗೆಯಲಿಲ್ಲ.

ಗುನಾದಿ ಅದನ್ನು ಎರಡೂ ಕೈಯಲ್ಲಿ, ಹಿರಿಯರಿಂದ ಪಡೆಯುವ ಹಾಗೆ, ತಲೆಬಾಗಿ ತೆಗೆದುಕೊಂಡ. ಸುಲಿಸ್‌ಳ ಕಣ್ಣು ತುಂಬಿಬಂತು.

ಅವನು ಕೊಕ್ಕನ್ನು ಬಿಸಿಲಿಗೆ ಹಿಡಿದು ನೋಡಿದ. "ಏನೂ ಕಟ್ಟಿಲ್ಲವಲ್ಲ?"

"ಊದಿ ನೋಡಿ, ಮಾಸ್." ನಮ್ಮಲ್ಲಿ ಅಂಗಡಿಯವನಿಗೂ ಮಾಸ್, ಗಂಡನಿಗೂ ಮಾಸ್. ಆದರೆ ಅವಳು ಅಂದದ್ದು ಯಾವ ಮಾಸ್ ಎಂದು ಪಕ್ಕದ ತರಕಾರಿಯವಳಿಗೂ ಗೊತ್ತಾಯಿತು!

"ಎಂಜಲಾಗುತ್ತಲ್ಲ..."

"ಆಗಲಿ."

"ಆಮೇಲೆ ನೀವು ಊದ್ತೀರಾ?"

"ದಿನಾ" ಎಂದಳು ಸುಲಿಸ್, ಕೆನ್ನೆ ಕೆಂಪಾಗಿ. "ಬದುಕಿರೋವರೆಗೂ... ನೀವೇ ಮಾಡಿಕೊಡೋದಾದ್ರೆ."

ಗುನಾದಿ ತಾಮ್ರದ ಕೊಕ್ಕಿಗೆ ಮೆಲ್ಲಗೆ ತುಟಿಯಿಟ್ಟು ಊದಿದ. ಆಮೇಲೆ ಅದನ್ನು ಅವಳ ಎಡಗೈಗೆ ಇಟ್ಟು, ಕೈಯನ್ನು ಬಿಡದೆ ಹಿಡಿದುಕೊಂಡ.